ಬೆಂಗಳೂರು ಬಳಸಿ ಬಿಟ್ಟ ನೀರು, ಕೋಲಾರದ ಕೆರೆ: ಕೆ.ಸಿ. ವ್ಯಾಲಿ ಪ್ರಕರಣ

ನಾನು ಇರೋದು ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನಲ್ಲಿ, ಬಾಡಿಗೆ ಮನೆ. ಹುಟ್ಟಿ ಬೆಳೆದಿದ್ದು ಕೋಲಾರ ತಾಲೂಕಿನ ಒಂದು ಹಳ್ಳಿ. ಬೆಳಿಗ್ಗೆ ನಾನು ಸ್ನಾನ ಮಾಡಿದ ನೀರು, ಪಾತ್ರೆ ತೊಳೆದ ನೀರು, ವಾಷಿಂಗ್ ಮೆಷಿನ್ನಿನ ನೊರೆ ನೀರು, ಟಾಯ್ಲೆಟ್ಟಿಗೆ ಸುರಿದ ನೀರು ಎಲ್ಲಾ ನೆಲದಡಿಯ ಒಳಚರಂಡಿ (ಯುಜಿಡಿ) ಪೈಪ್ ಸೇರಿ ಬೆಳ್ಳಂದೂರು ಕಡೆಗೆ ಹರಿದು, ಅಲ್ಲಿ ಕೊಳಚೆ ನೀರು ಶುದ್ಧ ಮಾಡೋ ಘಟಕ, ಅಂದ್ರೆ ಎಸ್‌ಟಿಪಿಯಲ್ಲಿ ಶುದ್ಧ ಆಗಿ, ಸುಮಾರು ಐವತ್ತು ಕಿಲೋಮೀಟರ್ ಪೈಪಲ್ಲಿ ಹೋಗಿ ಕೋಲಾರದ ಕೆರೆಗೆ ಬೀಳುತ್ತೆ, ಅಲ್ಲಿಂದ ಕೋಡಿ ಹರಿದು ಹರಿದು ಕೊನೆಗೆ ನಮ್ಮ ಸೋದರಮಾವನ ಹೊಲದ ಮಗ್ಗುಲಲ್ಲಿರೋ ಕೆರೆಗೂ ಬರುತ್ತೆ. ಸಸ್ಟೇನಬಲ್ ಸಿಟಿ ಅನ್ನೋ ಮಾತನ್ನ ಬಿಲ್ಡರ್ ಬ್ರೋಷರಿಂದ ಹಿಡಿದು ಮಾಸ್ಟರ್ ಪ್ಲಾನ್ ತನಕ ಎಲ್ಲಾ ಕಡೆ ಓದಿದೀನಿ, ಆದರೆ ಅದು ನನಗೆ ಸ್ವಲ್ಪನಾದ್ರೂ ಅರ್ಥ ಆಗಿದ್ದು ಈ ನೀರಿನ ಹಿಂದೆ ಹೋದಾಗ. ಅದಕ್ಕೇ ಕೆ.ಸಿ. ವ್ಯಾಲಿ ಅನ್ನೋ ಈ ಒಂದು ಯೋಜನೆನ ಪೂರ್ತಿ ಬಿಡಿಸಿ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಪದದ ವಿಷಯ. ಸಸ್ಟೇನಬಲ್‌ಗೆ ಕನ್ನಡದಲ್ಲಿ ಸುಸ್ಥಿರ ಅಂತೀವಿ, ಪೇಪರಲ್ಲಿ, ಸರ್ಕಾರಿ ಆದೇಶದಲ್ಲಿ ಅದೇ ಬರುತ್ತೆ. 1987ರಲ್ಲಿ ಬ್ರುಂಟ್‌ಲಾಂಡ್ ಅವರ ಅಧ್ಯಕ್ಷತೆಯ ವಿಶ್ವಸಂಸ್ಥೆಯ ಆಯೋಗ ಕೊಟ್ಟ ವಿವರಣೆನೇ ಎಲ್ಲರೂ ಹೇಳ್ತಾರೆ: ಈಗಿನವರ ಅಗತ್ಯ ತೀರಬೇಕು, ಮುಂದೆ ಹುಟ್ಟೋರಿಗೆ ಕೊರತೆ ಆಗಬಾರದು. ಸರಿಯಾದ ಮಾತೇ. ಆದರೆ ಅದರಲ್ಲಿ ಕಾಲ ಇದೆ, ಜಾಗ ಕಾಣಲ್ಲ. ಇವತ್ತು ಮತ್ತು ನಾಳೆ ಇದೆ, ಮೇಲಿನ ಊರು ಮತ್ತು ಕೆಳಗಿನ ಊರು ಇಲ್ಲ. ನಮ್ಮೂರ ಕಡೆ ಯಾರ ಬಾಯಲ್ಲೂ ಸುಸ್ಥಿರ ಅನ್ನೋದು ಬರಲ್ಲ. ಅಲ್ಲಿ ವರ್ಷಗಟ್ಟಲೆ ಜನ ಕೂಗಿರೋದು ಶಾಶ್ವತ ಅನ್ನೋ ಪದನ. ಶಾಶ್ವತ ನೀರಾವರಿ ಬೇಕು ಅಂತ. ಧರಣಿ ಕೂತ್ರು, ಬಂದ್ ಮಾಡಿದ್ರು, 2016ರ ಮಾರ್ಚ್‌ನಲ್ಲಿ ಸಾವಿರಾರು ಟ್ರಾಕ್ಟರ್ ತಗೊಂಡು ಬೆಂಗಳೂರಿಗೇ ಹೊರಟ್ರು. ಸುಸ್ಥಿರ ಮತ್ತು ಶಾಶ್ವತ, ಈ ಎರಡು ಪದದ ನಡುವೆ ಇರೋ ಅಂತರದಲ್ಲೇ ಕೆ.ಸಿ. ವ್ಯಾಲಿ ಕಥೆ ಪೂರ್ತಿ ಇದೆ ಅಂತ ನನ್ನ ಅಭಿಪ್ರಾಯ.

ಕೋಲಾರ ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಗೆ ವರ್ಷಪೂರ್ತಿ ಹರಿಯೋ ನದಿ ಒಂದೂ ಇಲ್ಲ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಹುಟ್ಟೋದು ಆ ಸೀಮೆಯಲ್ಲೇ, ಆದರೆ ಮಳೆ ಬಂದಾಗ ಮಾತ್ರ ಹರಿತವೆ. ಹಿಂದಿನವರು ಅದಕ್ಕೇ ಕೆರೆ ಮೇಲೆ ಕೆರೆ ಕಟ್ಟಿದ್ರು, ಸಾವಿರಾರು ಕೆರೆ, ಒಂದರ ಕೋಡಿ ನೀರು ಇನ್ನೊಂದಕ್ಕೆ, ತೂಬು ಎತ್ತಿ ಇಳಿಸೋಕೆ ಊರಿಗೊಬ್ಬ ನೀರಗಂಟಿ. ಬೋರ್ ಬಂದ ಮೇಲೆ ಕೆರೆ ಕಡೆ ನೋಡೋರು ಕಮ್ಮಿ ಆದ್ರು. ರಾಜಕಾಲುವೆ ಮುಚ್ಚಿಕೊಂಡ್ತು, ಕೆರೆ ಅಂಗಳದಲ್ಲಿ ಜಾಲಿ ಬೆಳೀತು, ಮೇಲಿನ ಗೋಮಾಳದಲ್ಲೆಲ್ಲಾ ನೀಲಗಿರಿ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದು ನಿಲ್ಲಿಸ್ತು, ಅಷ್ಟೊತ್ತಿಗೆ ಬೋರ್‌ಗಳು ಸಾವಿರ ಅಡಿ ದಾಟಿ ಸಾವಿರದ ಇನ್ನೂರು, ಸಾವಿರದ ಐನೂರು ಅಡಿಗೆ ಹೋಗಿಬಿಟ್ಟಿದ್ವು. ನಮ್ಮ ಮಾವನೇ ಮೂರು ಪಾಯಿಂಟ್ ಹಾಕಿಸಿದ್ರು. ತೆಂಗಿನಕಾಯಿ ಇಟ್ಕೊಂಡು ನೋಡೋನು ಬಂದು ಜಾಗ ತೋರಿಸಿದ, ರಿಗ್ ಗಾಡಿ ರಾತ್ರಿಯೆಲ್ಲಾ ಕೊರೀತು, ಬೆಳಿಗ್ಗೆ ಎದ್ದು ನೋಡಿದ್ರೆ ಹೊಲದ ತುಂಬಾ ಬಿಳಿ ಧೂಳು, ನೀರು ಮಾತ್ರ ಇಲ್ಲ. ಅತ್ತೆ ಕೊರಳಲ್ಲಿದ್ದ ಸರ ಹೋಗಿದ್ದು ಎರಡನೇ ಬೋರ್‌ಗೆ. ಆಳದಿಂದ ಬಂದ ನೀರಲ್ಲಿ ಫ್ಲೋರೈಡ್, ಹಲ್ಲೆಲ್ಲಾ ಕಂದು ಕಲೆ. ನಮ್ಮ ಸ್ಕೂಲ್ ಗ್ರೂಪ್ ಫೋಟೋದಲ್ಲಿ ಬಾಯಿಬಿಟ್ಟು ನಗ್ತಿರೋ ಹುಡುಗರನ್ನ ನೋಡಿದ್ರೆ ಈಗಲೂ ಕರುಳು ಚುರ್ ಅನ್ನುತ್ತೆ.

ಈ ಜನಕ್ಕೆ ಸರ್ಕಾರ ಮೊದಲು ತೋರಿಸಿದ್ದು ಎತ್ತಿನಹೊಳೆ. ಸಕಲೇಶಪುರದ ಕಡೆ ಪಶ್ಚಿಮಕ್ಕೆ ಹರಿಯೋ ಹಳ್ಳಗಳಿಂದ 24 ಟಿಎಂಸಿ ನೀರು ಎತ್ತಿ ಪೂರ್ವಕ್ಕೆ ತರೋದು. 2014ರಲ್ಲಿ ಅಡಿಗಲ್ಲು ಹಾಕಿದ್ರು, ಮೊದಲ ಹಂತದ ಉದ್ಘಾಟನೆ ಆಗಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಘಟ್ಟಕ್ಕೆ ಏನಾಗುತ್ತೆ ಅನ್ನೋದು ಬೇರೆಯದೇ ದೊಡ್ಡ ಪ್ರಶ್ನೆ, ಇಲ್ಲಿ ಬೇಡ. ಆ ನೀರಿಗೆ ಕಾಯ್ತಾ ಇರುವಾಗ ಮಧ್ಯದಲ್ಲಿ ಬಂದಿದ್ದು ಕೆ.ಸಿ. ವ್ಯಾಲಿ.

ಈಗ ಬೆಂಗಳೂರಿನ ಕಡೆ ಬರೋಣ. ಈ ಊರಿಗೂ ನದಿ ಇಲ್ಲ. 1890ರ ದಶಕದಲ್ಲಿ ಹೆಸರಘಟ್ಟದಿಂದ ಪೈಪಲ್ಲಿ ನೀರು ಬಂತು, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ. ಕಾವೇರಿ ನೀರನ್ನ ಸುಮಾರು ನೂರು ಕಿಲೋಮೀಟರ್ ದೂರದಿಂದ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರ್ತಾರೆ. ನಾಲ್ಕು ಹಂತ ಸೇರಿ ದಿನಕ್ಕೆ 1,450 ಎಂಎಲ್‌ಡಿ, ಅಂದ್ರೆ 145 ಕೋಟಿ ಲೀಟರ್. ಇಂಜಿನಿಯರ್‌ಗಳ ಸಾಮಾನ್ಯ ಲೆಕ್ಕ ಏನಂದ್ರೆ ಮನೆಗೆ ಬಂದ ನೀರಲ್ಲಿ ನೂರಕ್ಕೆ 80 ಭಾಗ ಚರಂಡಿಗೆ ವಾಪಸ್ ಹೋಗುತ್ತೆ. ಕಾವೇರಿ ಒಂದರಿಂದಲೇ ದಿನಕ್ಕೆ 116 ಕೋಟಿ ಲೀಟರ್ ಕೊಳಚೆ ಆಯ್ತು, ಬೋರ್ ನೀರಿಂದ ಆಗೋದು ಬೇರೆ. ನೀರು ತರೋಕೆ ಹಾಕಿದ ಬುದ್ಧಿ, ದುಡ್ಡು, ಛಲ ಯಾವುದನ್ನೂ ಆ ನೀರು ಮುಂದೆ ಎಲ್ಲಿಗೆ ಹೋಗುತ್ತೆ ಅನ್ನೋದಕ್ಕೆ ಹಾಕಲಿಲ್ಲ. ಪೇಟೆ, ಶಿವಾಜಿನಗರ, ಕೋರಮಂಗಲ, ಎಚ್‌ಎಸ್‌ಆರ್, ಇಂದಿರಾನಗರ ಕಡೆಯ ನೀರೆಲ್ಲಾ ಕೋರಮಂಗಲ ಚಲ್ಲಘಟ್ಟ ಕಣಿವೆ ಹಿಡಿದು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಕಣಿವೆ ಹೆಸರನ್ನೇ ಚಿಕ್ಕದು ಮಾಡಿ ಕೆ.ಸಿ. ವ್ಯಾಲಿ ಅಂತಾರೆ. 2015ರಲ್ಲಿ ಬೆಳ್ಳಂದೂರು ನೊರೆ ರೋಡಿಗೆ ಹಾರಿ ಬರ್ತಿತ್ತು, 2017ರಲ್ಲಿ ಮತ್ತೆ 2018ರ ಜನವರಿಯಲ್ಲಿ ಕೆರೆಗೆ ಬೆಂಕಿ ಬಿತ್ತು. ಆ ಜನವರಿ ಸಂಜೆ ನಮ್ಮ ಮನೆ ಟೆರೇಸಿಂದ ಹೊಗೆ ನೋಡಿದ್ದು ಇನ್ನೂ ಕಣ್ಣಲ್ಲಿದೆ, ಕೆರೆಗೆ ಬೆಂಕಿ ಬಿದ್ದಿದೆ ಅಂತ ಅಮ್ಮನಿಗೆ ಫೋನಲ್ಲಿ ಹೇಳಿದ್ರೆ ಎಷ್ಟೊತ್ತಾದ್ರೂ ಅವರಿಗೆ ಅರ್ಥನೇ ಆಗಲಿಲ್ಲ.

ಹಾಗೆ ಹೋಗ್ತಿದ್ದ ನೀರನ್ನ ಶುದ್ಧ ಮಾಡಿ ಕೋಲಾರಕ್ಕೆ ಕಳಿಸೋಣ ಅನ್ನೋದೇ ಯೋಜನೆ. 2016ರಲ್ಲಿ ಶಂಕುಸ್ಥಾಪನೆ, ಮಾಡಿಸಿದ್ದು ಸಣ್ಣ ನೀರಾವರಿ ಇಲಾಖೆ, ನೀರು ಶುದ್ಧ ಮಾಡಿ ಕೊಡೋದು ಜಲಮಂಡಳಿ. ಖರ್ಚು ಸಾವಿರ ಕೋಟಿ ದಾಟಿದೆ. ದಿನಕ್ಕೆ 400 ಎಂಎಲ್‌ಡಿ ಅಂತ ಶುರುವಾಗಿ ಗುರಿ ಆಮೇಲೆ 440ಕ್ಕೆ ಹೋಯ್ತು, ತುಂಬಿಸಬೇಕಾದ ಕೆರೆ 126. ವರ್ಷಕ್ಕೆ ಲೆಕ್ಕ ಹಾಕಿದ್ರೆ ಐದೂವರೆ ಟಿಎಂಸಿ ಮೇಲಾಗುತ್ತೆ. ನಿಜವಾಗಿ ಹರಿದಿರೋದು ಗುರಿಗಿಂತ ಕಮ್ಮಿ, ಆದರೂ ಸಣ್ಣ ಕೆಲಸ ಅಲ್ಲ ಇದು. ಹೆಬ್ಬಾಳ ನಾಗವಾರ ಕಣಿವೆಯಿಂದ ಚಿಕ್ಕಬಳ್ಳಾಪುರದ ಕಡೆಗೆ 210 ಎಂಎಲ್‌ಡಿಯ ಇನ್ನೊಂದು ಯೋಜನೆನೂ ಇದರ ಹಿಂದೆಯೇ ಬಂತು. ಒಂದು ದೊಡ್ಡ ನಗರ ತಾನು ಬಳಸಿದ ನೀರನ್ನ ಪಕ್ಕದ ಬರದ ಜಿಲ್ಲೆಯ ಅಂತರ್ಜಲಕ್ಕೆ ಅಂತ ಇಷ್ಟು ಪ್ರಮಾಣದಲ್ಲಿ ಕಳಿಸೋದು ನಮ್ಮ ದೇಶದಲ್ಲಿ ಅಪರೂಪ. ಐಡಿಯಾ ಕೊಟ್ಟವರ ಬಗ್ಗೆ ನನಗೆ ಗೌರವ ಇದೆ, ಅದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ಹೇಳೋದರಲ್ಲಿ ತಕರಾರು ಜಾಸ್ತಿ ಇದೆ.

ತಕರಾರಿನ ಬೇರು ಇರೋದು ಈ ನೀರನ್ನ ಎರಡನೇ ಹಂತದ ತನಕ ಮಾತ್ರ ಶುದ್ಧ ಮಾಡೋದು ಅನ್ನೋ ಮಾತಲ್ಲಿ. ಎಸ್‌ಟಿಪಿಯಲ್ಲಿ ಮೊದಲು ಜಾಲರಿ ಹಾಕಿ ಪ್ಲಾಸ್ಟಿಕ್ಕು ಬಟ್ಟೆ ಎಲ್ಲಾ ತೆಗೀತಾರೆ, ಮರಳು ತಳಕ್ಕೆ ಕೂರೋಕೆ ಬಿಡ್ತಾರೆ. ಆಮೇಲೆ ದೊಡ್ಡ ತೊಟ್ಟಿಯಲ್ಲಿ ಗಾಳಿ ಊದ್ತಾರೆ, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು ನೀರಲ್ಲಿರೋ ಕೊಳೆಯೋ ಪದಾರ್ಥ ತಿನ್ನುತ್ತೆ, ಆ ಕೆಸರು ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ನೀರನ್ನ ಕ್ಲೋರಿನ್ ಹಾಕಿ ಹೊರಗೆ ಬಿಡ್ತಾರೆ. ಇದು ಎರಡನೇ ಹಂತ. ನೀರು ನೋಡೋಕೆ ತಿಳಿಯಾಗಿರುತ್ತೆ, ವಾಸನೆನೂ ಅಷ್ಟಾಗಿ ಇರಲ್ಲ. ಆದರೆ ನಮ್ಮ ಸೋಪಿನ ಪುಡಿಯ ರಂಜಕ, ಮಲಮೂತ್ರದ ಸಾರಜನಕ, ಕರಗಿರೋ ಕೆಮಿಕಲ್ಲು, ಯಾವುದೋ ವರ್ಕ್‌ಶಾಪಿಂದ ಕದ್ದು ಚರಂಡಿಗೆ ಬಿಟ್ಟ ಲೋಹ, ಇವನ್ನೆಲ್ಲಾ ಪೂರ್ತಿ ತೆಗೆಯೋ ಕೆಲಸ ಇದರದ್ದಲ್ಲ. ಅದಕ್ಕೆ ಮೂರನೇ ಹಂತ ಬೇಕು, ಸೂಕ್ಷ್ಮ ಫಿಲ್ಟರ್, ಪೋಷಕಾಂಶ ತೆಗೆಯೋ ವ್ಯವಸ್ಥೆ, ಮತ್ತೊಂದು ಸಲ ಸೋಂಕು ನಿವಾರಣೆ. ಸಿಂಗಾಪುರದಲ್ಲಿ 2003ರಿಂದ, ನಮೀಬಿಯಾದ ವಿಂಡ್‌ಹುಕ್‌ನಲ್ಲಿ 1968ರಿಂದಲೇ ಬಳಸಿದ ನೀರನ್ನ ಕುಡಿಯೋ ಮಟ್ಟಕ್ಕೆ ತರ್ತಿದಾರೆ, ಅವರು ಎರಡನೇ ಹಂತಕ್ಕೆ ಕೈ ತೊಳ್ಕೊಂಡಿಲ್ಲ. ಇಲ್ಲಿ ಎರಡಕ್ಕೇ ನಿಲ್ಲಿಸಿದ್ರು. ಮಿಕ್ಕಿದ್ದನ್ನ ಕೆರೆ, ಬಿಸಿಲು, ಜೊಂಡು, ಮಣ್ಣು ನೋಡಿಕೊಳ್ಳುತ್ತೆ ಅನ್ನೋದು ಸರ್ಕಾರದ ವಾದ. ಈ ನೀರು ನೇರವಾಗಿ ಕುಡಿಯೋಕೂ ಅಲ್ಲ, ಹೊಲಕ್ಕೆ ಹಾಯಿಸೋಕೂ ಅಲ್ಲ, ಬರೀ ಅಂತರ್ಜಲ ತುಂಬೋಕೆ, ಕೆರೆಗೆ ಮೋಟ್ರು ಇಟ್ಟು ಎತ್ತಿದ್ರೆ ಕೇಸು ಅಂತಲೂ ಹೇಳಿದ್ರು. ಆದರೆ ಕೋಲಾರದ ಹಳ್ಳಿಗಳಲ್ಲಿ ಬೋರ್ ನೀರೇ ಕುಡಿಯೋ ನೀರು. ನೆಲದೊಳಗೆ ಇಳಿಸಿದ್ದನ್ನ ಆ ಜನ ಕುಡಿದೇ ಕುಡೀತಾರೆ, ಇದು ಯೋಜನೆ ಮಾಡಿದವರಿಗೆ ಗೊತ್ತಿಲ್ಲದ್ದೇನೂ ಅಲ್ಲ.

2018ರ ಜೂನ್‌ನಲ್ಲಿ ಮೊದಲನೇ ಕೆರೆ ಲಕ್ಷ್ಮೀಸಾಗರಕ್ಕೆ ನೀರು ಬಂತು. ಜನ ತಮಟೆ ಬಡ್ಕೊಂಡು ಹೋಗಿ ಪೂಜೆ ಮಾಡಿ ಬಾಗಿನ ಬಿಟ್ಟು ಬಂದ್ರು. ಒಂದೂವರೆ ತಿಂಗಳೊಳಗೆ ಅದೇ ಕೆರೆಯಲ್ಲಿ ನೊರೆ. ಆ ವಾರ ನಾನು ಊರಿಗೆ ಹೋಗಿದ್ದೆ, ಬೈಕ್ ತಗೊಂಡು ನೋಡೋಕೆ ಹೋದೆ. ಪೈಪಿಂದ ನೀರು ಧುಮುಕೋ ಜಾಗದಲ್ಲಿ ಸೊಂಟದೆತ್ತರ ಬಿಳಿ ನೊರೆ, ಗಾಳಿಗೆ ಅದರ ತುಂಡು ಹಾರಿ ದಡದ ಜಾಲಿ ಮುಳ್ಳಿಗೆ ಹತ್ತಿಯ ಹಾಗೆ ಅಂಟಿಕೊಂಡಿತ್ತು. ಮೂಗಿಗೆ ಬಂದಿದ್ದು ಚರಂಡಿ ವಾಸನೆ ಅಲ್ಲ, ನಮ್ಮ ಮನೆ ಬಾತ್‌ರೂಮಿನ ವಾಸನೆ, ಬಟ್ಟೆ ಸೋಪಿನದು. ಕುರಿ ಮೇಯಿಸ್ತಿದ್ದ ಅಜ್ಜ ಒಬ್ರು ಕುರಿಗಳನ್ನ ಕೆರೆ ಕಡೆ ಬಿಡದೆ ಕೋಲು ಅಡ್ಡ ಹಿಡಿದು ನಿಂತಿದ್ರು. ಎಷ್ಟೋ ವರ್ಷ ಆದ ಮೇಲೆ ಕೆರೆಗೆ ನೀರು ಬಂದಿದೆ, ಬಾಯಾರಿದ ಕುರಿನ ಅದರ ಹತ್ತಿರ ಹೋಗೋಕೆ ಬಿಡಂಗಿಲ್ಲ. ನನಗೆ ಅಲ್ಲಿ ನಿಲ್ಲೋಕೆ ಆಗಲಿಲ್ಲ, ಯಾಕಂದ್ರೆ ಆ ನೊರೆಯಲ್ಲಿ ನನ್ನ ಮನೆಯ ಪಾಲೂ ಇತ್ತು.

ಪಂಪಿಂಗ್ ನಿಲ್ಲಿಸಿದ್ರು. ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆಂಜನೇಯ ರೆಡ್ಡಿ ಅವರು ಹೈಕೋರ್ಟ್‌ಗೆ ಹೋಗಿದ್ರು, ಜುಲೈನಲ್ಲಿ ತಡೆಯಾಜ್ಞೆ ಬಂತು. ಕೆಲವು ತಿಂಗಳಾದ ಮೇಲೆ ಹೈಕೋರ್ಟ್ ಷರತ್ತು ಹಾಕಿ ಬಿಡ್ತು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತಡೆ ಕೊಡ್ತು, ಏಪ್ರಿಲ್‌ನಲ್ಲಿ ಅದನ್ನ ತೆಗೀತು. ಅದಾದ ಮೇಲೆ ನೀರು ಹರೀತಾ ಇದೆ. ಆಗ ಊರಲ್ಲಿ ಎರಡು ಪಕ್ಷ ಆಗಿಬಿಟ್ಟಿತ್ತು. ನೀರೇ ಇಲ್ಲದ ಕಡೆ ಯಾವ ನೀರು ಬಂದ್ರೂ ದೇವರೇ ಅನ್ನೋರು ಒಂದು ಕಡೆ, ಬೆಂಗಳೂರಿನ ಕಕ್ಕಸು ನೀರು ನಮಗೆ ಬೇಡ ಅನ್ನೋರು ಇನ್ನೊಂದು ಕಡೆ. ಕೋರ್ಟಿಗೆ ಹೋದವರು ಊರಿಗೆ ನೀರು ಬರೋದು ತಪ್ಪಿಸ್ತಿದಾರೆ ಅಂತ ಅನ್ನಿಸಿಕೊಂಡ್ರು. ಅದು ಅನ್ಯಾಯ. ಅವರು ನೀರು ಬೇಡ ಅಂದಿರಲಿಲ್ಲ, ಮೂರನೇ ಹಂತಕ್ಕೆ ಶುದ್ಧ ಮಾಡಿ ಕೊಡಿ ಅಂತಿದ್ರು. ಈ ಯೋಜನೆಯ ಬಗ್ಗೆ ಅವತ್ತಿಂದ ಇವತ್ತಿನ ತನಕ ನಾನು ಕೇಳಿರೋದರಲ್ಲಿ ಸರಿಯಾದ ಬೇಡಿಕೆ ಅಂದ್ರೆ ಅದೇ.

ಈಗ ಒಳ್ಳೇದನ್ನೂ ಹೇಳಬೇಕು, ಅದು ಸಣ್ಣದಲ್ಲ. ನಮ್ಮ ಮಾವನ ಹೊಲದಲ್ಲಿ ಅವರ ತಂದೆ ತೋಡಿಸಿದ ಸೈಜುಗಲ್ಲಿನ ತೆರೆದ ಬಾವಿ ಇದೆ, ಒಳಗೆ ಇಳಿಯೋಕೆ ಗೋಡೆಯಿಂದ ಆಚೆ ಚಾಚಿದ ಕಲ್ಲಿನ ಮೆಟ್ಟಿಲು. ನಾನು ಹುಟ್ಟಿದಾಗಿನಿಂದ ಅದರಲ್ಲಿ ನೀರು ನೋಡಿರಲಿಲ್ಲ, ನಮಗೆ ಅದು ಕ್ರಿಕೆಟ್ ಬಾಲ್ ಬೀಳೋ ಗುಂಡಿ. ನಮ್ಮೂರ ಕೆರೆಗೆ ನೀರು ಬಂದು ಎರಡನೇ ವರ್ಷ ಬಾವಿ ತಳ ಒದ್ದೆ ಆಯ್ತು, ಆಮೇಲೆ ಒಂದೊಂದೇ ಮೆಟ್ಟಿಲು ಮುಳುಗ್ತಾ ಬಂತು. ಮಾವ ಪ್ರತಿ ಭಾನುವಾರ ಫೋನ್ ಮಾಡಿ ಇವತ್ತು ಏಳನೇ ಮೆಟ್ಟಿಲು, ಇವತ್ತು ಒಂಬತ್ತನೇದು ಅಂತ ಹೇಳೋರು. ಬತ್ತಿಹೋಗಿದ್ದ ಬೋರಲ್ಲಿ ಮತ್ತೆ ಎರಡು ಇಂಚು ನೀರು. ಸಂಕ್ರಾಂತಿಗೆ ಹೋದಾಗ ಕೆರೆಯಲ್ಲಿ ಬಾತುಕೋಳಿ, ಕೊಕ್ಕರೆ, ಕಟ್ಟೆ ಮೇಲೆ ಮೀನು ಹಿಡಿಯೋ ಹುಡುಗರು. ಅಮ್ಮ ಸುಮ್ಮನೆ ನಿಂತು ನೋಡ್ತಿದ್ರು, ನಾನು ಮದುವೆ ಆಗಿ ಬಂದ ವರ್ಷ ಹಿಂಗಿತ್ತು ಅಂದ್ರು.

ಇದರಲ್ಲಿ ಎಷ್ಟು ಪಾಲು ಕೆ.ಸಿ. ವ್ಯಾಲಿದು, ಎಷ್ಟು ಮಳೆದು? 2021ರ ನವೆಂಬರ್‌ನಲ್ಲಿ ಕೋಲಾರದಲ್ಲಿ ಎಂಥಾ ಮಳೆ ಬಂತು ಅಂದ್ರೆ ಎಷ್ಟೋ ವರ್ಷ ಕೋಡಿ ಹೋಗದ ಕೆರೆಗಳೂ ಕೋಡಿ ಹೋದವು. ಅಂತರ್ಜಲ ಏರಿದೆ ಅಂತ ತೋರಿಸೋ ಯಾವ ಲೆಕ್ಕದಲ್ಲೂ ಈ ಎರಡನ್ನ ಬೇರೆ ಮಾಡಿ ನೋಡಬೇಕು, ಪೈಪ್ ನೀರು ಬಂದ ಕೆರೆಯ ಸುತ್ತಿನ ಬೋರು, ಆ ನೀರು ಬಾರದೇ ಇರೋ ಕೆರೆಯ ಸುತ್ತಿನ ಬೋರು, ಎರಡನ್ನೂ ಪಕ್ಕಪಕ್ಕ ಇಟ್ಟು. ಪೈಪ್ ನೀರು ಮಾಡೋ ಒಂದು ಕೆಲಸ ಮಾತ್ರ ಮಳೆ ಮಾಡಲ್ಲ, ಅದು ಮಾರ್ಚ್ ಏಪ್ರಿಲ್‌ನಲ್ಲೂ ಬರುತ್ತೆ. ಕೆರೆ ಪೂರ್ತಿ ಒಣಗೋಕೆ ಬಿಡಲ್ಲ. ಕೆರೆ ಅಂಗಳ ಒದ್ದೆಯಾಗಿದ್ರೆ ಮಳೆ ನೀರೂ ಬೇಗ ನಿಲ್ಲುತ್ತೆ, ಕೋಡಿನೂ ಬೇಗ ಹೋಗುತ್ತೆ. ಹೂಳು ತೆಗೀದೆ ತುಂಬಿಸಿದ ಕಡೆ ಮಾತ್ರ ಇಂಗೋದು ನಿಧಾನ, ನೀರು ಮೇಲೆ ನಿಂತು ಆವಿ ಆಗೋದೇ ಹೆಚ್ಚು.

ಎಲ್ಲಾ ಕೆರೆಗೂ ಒಂದೇ ಥರದ ನೀರು ಬರಲ್ಲ ಅನ್ನೋದು ಇನ್ನೊಂದು ವಿಷಯ. ಪೈಪಿಂದ ಮೊದಲು ಬೀಳೋ ಕೆರೆಯಲ್ಲಿ ಪೋಷಕಾಂಶ ಜಾಸ್ತಿ, ಹಾಗಾಗಿ ಪಾಚಿ, ಅಂತರಗಂಗೆ, ಜೊಂಡು ಅಲ್ಲೇ ಮೊದಲು ಬೆಳೆಯೋದು. ಆ ಗಿಡ, ಆ ತಳದ ಕೆಸರು ಕೊಳೆ ಹೀರಿಕೊಂಡು ಬಿಟ್ಟ ನೀರು ಎರಡನೇ ಕೆರೆಗೆ, ಮೂರನೇದಕ್ಕೆ ಹೋಗ್ತಾ ಹೋಗ್ತಾ ಸುಧಾರಿಸುತ್ತೆ. ನಮ್ಮೂರ ಕೆರೆ ಸರಪಳಿಯಲ್ಲಿ ಕೆಳಗಿದೆ, ನಮ್ಮ ಬಾವಿ ನೀರು ತಿಳಿಯಾಗಿದೆ ಅಂದ್ರೆ ಅದಕ್ಕೆ ಮೇಲಿನ ಊರಿನ ಕೆರೆಗಳು ಫಿಲ್ಟರ್ ಥರ ಕೆಲಸ ಮಾಡ್ತಿರೋದೂ ಕಾರಣ. ಎಸ್‌ಟಿಪಿಯಲ್ಲಿ ಆಗಬೇಕಾಗಿದ್ದ ಕೆಲಸದ ಒಂದು ಭಾಗನ ಮೊದಲ ಕೆರೆಗಳ ಊರಿನವರ ತಲೆ ಮೇಲೆ ಹಾಕಿದೀವಿ. ಅವರನ್ನ ಯಾರೂ ಕೇಳಲಿಲ್ಲ, ಅವರಿಗೆ ಯಾವ ಪರಿಹಾರನೂ ಇಲ್ಲ. ನಿಜ ಹೇಳಬೇಕು ಅಂದ್ರೆ ಇದು ನನ್ನನ್ನ ನೊರೆಗಿಂತ ಜಾಸ್ತಿ ಕಾಡಿದೆ.

ಬೇರೆ ದಾರಿ ಇರಲಿಲ್ವಾ ಅಂದ್ರೆ ಬೆಂಗಳೂರಲ್ಲೇ ಉದಾಹರಣೆ ಇತ್ತು. ಜಕ್ಕೂರು ಕೆರೆಗೆ ದಿನಕ್ಕೆ 10 ಎಂಎಲ್‌ಡಿಯ ಒಂದು ಎಸ್‌ಟಿಪಿಯಿಂದ ನೀರು ಬರ್ತಿತ್ತು, ಆದರೆ ನೇರ ಕೆರೆಗಲ್ಲ. ಮಧ್ಯದಲ್ಲಿ ಎಕರೆಗಟ್ಟಲೆ ಜೊಂಡು ಬೆಳೆಸಿದ ಜೌಗು ಇದೆ, ನೀರು ಅದರೊಳಗೆ ನಿಧಾನಕ್ಕೆ ಹಾದು ಬೇರುಗಳಿಗೆ ಕೊಳೆ ಬಿಟ್ಟು ಕೆರೆ ಸೇರುತ್ತೆ. ಸುತ್ತಲಿನ ಬಾವಿಗಳಿಗೆ ನೀರು ಬಂತು, ಮೀನುಗಾರಿಕೆ ನಡೀತು. ಅದಕ್ಕೂ ಸಮಸ್ಯೆಗಳಿವೆ, ಜೊಂಡನ್ನ ಕಾಲಕಾಲಕ್ಕೆ ಕೊಯ್ದು ಹೊರಗೆ ಹಾಕದಿದ್ರೆ ಅದು ಅಲ್ಲೇ ಕೊಳೆತು ಹೀರಿದ್ದನ್ನೆಲ್ಲಾ ವಾಪಸ್ ನೀರಿಗೇ ಬಿಡುತ್ತೆ. ಆದರೂ ಕೋಲಾರದಲ್ಲಿ ಪ್ರತಿ ಸರಪಳಿಯ ಮೊದಲ ಕೆರೆಯ ಮುಂದೆ ಇಂಥಾ ಒಂದು ಜೌಗು ಮಾಡಬಹುದಿತ್ತು, ಜಾಗ ಇತ್ತು, ಪೈಪಿಗೆ ಆದ ಖರ್ಚಿನ ಮುಂದೆ ಅದು ದೊಡ್ಡ ಮೊತ್ತ ಆಗ್ತಿರಲಿಲ್ಲ. ಈಗಲೂ ಮಾಡಬಹುದು.

ಇನ್ನು ಶಾಶ್ವತ ಅನ್ನೋ ಪದಕ್ಕೆ ವಾಪಸ್ ಬರ್ತೀನಿ. ಕಾವೇರಿಗೂ ಕೋಲಾರಕ್ಕೂ ನಂಟು ಹಳೇದು, 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋಗಿದ್ದೇ ಕೆಜಿಎಫ್‌ನ ಚಿನ್ನದ ಗಣಿಗೆ, ಬೆಂಗಳೂರಿಗೆ ದೀಪ ಬಂದಿದ್ದು ಅದಾದ ಮೂರು ವರ್ಷಕ್ಕೆ. ಈಗ ಕಾವೇರಿ ನೀರು ಮೊದಲು ಬೆಂಗಳೂರಿಗೆ ಬಂದು, ನಾವು ಬಳಸಿ ಬಿಟ್ಟ ಮೇಲೆ ಕೋಲಾರಕ್ಕೆ. ಅಂದ್ರೆ ನಮ್ಮೂರ ಕೆರೆ ಈಗ ನಾಲ್ಕು ವಿಷಯದ ಮೇಲೆ ನಿಂತಿದೆ: ಕೊಡಗಲ್ಲಿ ಮಳೆ ಆಗಬೇಕು, ಅಲ್ಲಿಂದ ಬೆಂಗಳೂರಿಗೆ, ಬೆಂಗಳೂರಿಂದ ಕೋಲಾರಕ್ಕೆ ಪಂಪ್ ಮಾಡೋಕೆ ಕರೆಂಟ್ ಇರಬೇಕು, ಎಸ್‌ಟಿಪಿ ಕೆಟ್ಟು ನಿಲ್ಲಬಾರದು, ಮತ್ತೆ ಬೆಂಗಳೂರು ಈ ನೀರು ನನಗೇ ಬೇಕು ಅನ್ನಬಾರದು. ಕೊನೇದೇ ನನಗೆ ಭಯ.

2024ರ ಬೇಸಿಗೆ ನೆನಪಿದೆಯಲ್ಲ, ಬೆಂಗಳೂರಲ್ಲಿ 13,900 ಸರ್ಕಾರಿ ಬೋರ್‌ಗಳಲ್ಲಿ 6,900 ಬತ್ತಿವೆ ಅಂತ ಉಪಮುಖ್ಯಮಂತ್ರಿಗಳೇ ಹೇಳಿದ್ರು. ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5,000 ದಂಡ ಅಂತ ಜಲಮಂಡಳಿ ಆದೇಶ ಮಾಡ್ತು. ಕಟ್ಟಡ ಕೆಲಸಕ್ಕೆ ಟ್ರೀಟೆಡ್ ನೀರೇ ಬಳಸಿ, ಟ್ರೀಟೆಡ್ ನೀರಿಂದ ಬೆಂಗಳೂರಿನ ಕೆರೆಗಳನ್ನೇ ತುಂಬಿಸ್ತೀವಿ ಅನ್ನೋ ಮಾತೂ ಬಂತು. ಇವೆಲ್ಲಾ ಸರಿಯಾದ ಕೆಲಸಗಳೇ, ಹತ್ತು ವರ್ಷ ಮೊದಲೇ ಆಗಬೇಕಿತ್ತು. ಆದರೆ ಬಳಸಿದ ನೀರನ್ನ ಬೆಂಗಳೂರು ತಾನೇ ಮರುಬಳಕೆ ಮಾಡಿದಷ್ಟೂ ಕೋಲಾರಕ್ಕೆ ಹೋಗೋದು ಕಮ್ಮಿ ಆಗಬಹುದು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ಇನ್ನೊಂದು 775 ಎಂಎಲ್‌ಡಿ ಬಂತು, 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳಿಗೆ ಅಂತ. ಹಾಗಾಗಿ ಸದ್ಯಕ್ಕೆ ಕೊಳಚೆ ನೀರಿಗೆ ಬರ ಇಲ್ಲ. ಮುಂದಿನ ಸಲ ಕೆಆರ್‌ಎಸ್ ತುಂಬದ ವರ್ಷ ಏನಾಗುತ್ತೆ? ಇಷ್ಟು ಎಂಎಲ್‌ಡಿ, ಇಂಥಾ ಗುಣಮಟ್ಟದ್ದು, ಇಷ್ಟು ವರ್ಷ ಕೋಲಾರದ ಹಕ್ಕು ಅಂತ ಕಾನೂನಿನ ಬಲ ಇರೋ ಒಂದು ಕಾಗದ ಬೇಕು. ನಮ್ಮೂರ ಪಂಚಾಯ್ತಿಯಲ್ಲಿ ಅಂಥದ್ದನ್ನ ಯಾರೂ ನೋಡಿಲ್ಲ. ಕೆಳಗಿನವರಿಗೆ ಸಿಗೋದು ಮೇಲಿನವರಿಗೆ ಬೇಡವಾಗಿದ್ದು ಮಾತ್ರ, ಅವರಿಗೂ ಬೇಕಾದ ದಿನ ಅದೂ ಇಲ್ಲ ಅಂತಾದ್ರೆ ಅದನ್ನ ಶಾಶ್ವತ ಅನ್ನೋಕೆ ಆಗಲ್ಲ, ಸುಸ್ಥಿರ ಅನ್ನೋಕೂ ನನಗೆ ಬಾಯಿ ಬರಲ್ಲ.

ಕೋಲಾರಕ್ಕಿಂತ ಕೆಳಗಿನವರೂ ಇದಾರೆ. ಈ ನೀರು ಮೊದಲು ದಕ್ಷಿಣ ಪಿನಾಕಿನಿ ಹಿಡಿದು ತಮಿಳುನಾಡಿಗೆ, ಹೊಸೂರು ಹತ್ತಿರದ ಕೆಲವರಪಳ್ಳಿ ಡ್ಯಾಮಿಗೆ ಹೋಗ್ತಿತ್ತು. ಗಲೀಜಾಗಿಯೇ ಹೋಗ್ತಿತ್ತು, ಅಲ್ಲಿಯ ರೈತರು ಆ ನೊರೆ ನೀರಲ್ಲೇ ಬೇಸಾಯ ಮಾಡಿದಾರೆ. ಈಗ ಒಂದಷ್ಟು ಭಾಗ ಬೇರೆ ಕಡೆ ತಿರುಗಿದೆ. ಅವರಿಗೆ ಏನು ಕಮ್ಮಿ ಆಯ್ತು, ಏನು ಒಳ್ಳೇದಾಯ್ತು ಅಂತ ನಮ್ಮ ಕಡೆ ಚರ್ಚೆಯಲ್ಲಿ ಯಾರೂ ಎತ್ತಿದ್ದು ನಾನು ಕೇಳಿಲ್ಲ.

ಪ್ಲಾನಿಂಗ್ ಮಾಡೋರ ತಪ್ಪು ಎಲ್ಲಿ ಅಂತ ಕೇಳಿದ್ರೆ ನಾನು ನಕ್ಷೆಯ ಅಂಚು ತೋರಿಸ್ತೀನಿ. ಬೆಂಗಳೂರಿಗೆ ಇವತ್ತಿಗೂ ಜಾರಿಯಲ್ಲಿರೋದು 2007ರಲ್ಲಿ ಒಪ್ಪಿಗೆ ಆದ, 2015ನ್ನ ಗುರಿ ಇಟ್ಟುಕೊಂಡ ಮಾಸ್ಟರ್ ಪ್ಲಾನ್. 2031ರ ಕರಡು 2017ರಲ್ಲಿ ಬಂದು ಆಮೇಲೆ ವಾಪಸ್ ಹೋಯ್ತು. ಹಳದಿ ಬಣ್ಣ ಮನೆಗೆ, ನೀಲಿ ಅಂಗಡಿಗೆ, ಹಸಿರು ಪಾರ್ಕಿಗೆ ಅಂತ ಭೂಮಿ ಬಳಕೆ ಎಲ್ಲಾ ಅದರಲ್ಲಿ ಗುರುತು ಮಾಡಿರ್ತಾರೆ, ಆದರೆ ಆ ಹಳದಿಯಲ್ಲಿ ಎದ್ದ ಹತ್ತು ಮಹಡಿಯ ನೀರು ಕೊನೆಗೆ ಯಾರ ಬಾವಿಗೆ ಇಳಿಯುತ್ತೆ ಅಂತ ತೋರಿಸೋ ಗೆರೆ ಇಲ್ಲ. ನಗರದ ಬೌಂಡರಿಗೆ ನಕ್ಷೆ ನಿಂತುಬಿಡುತ್ತೆ, ನೀರು ನಿಲ್ಲಲ್ಲ. ಒಂದು ಲೇಔಟ್‌ಗೆ ಅನುಮತಿ ಕೊಡೋ ದಿನವೇ, ಅದರ ನೀರು ಯಾವ ಊರಿಂದ ಬರುತ್ತೆ ಅನ್ನೋದರ ಜೊತೆಗೆ ಯಾವ ಊರಿಗೆ ಯಾವ ಸ್ಥಿತಿಯಲ್ಲಿ ಹೋಗುತ್ತೆ ಅನ್ನೋದನ್ನೂ ಬರೆದು, ಆ ಊರಿನ ಪಂಚಾಯ್ತಿಯ ಒಪ್ಪಿಗೆ ತಗೋಬೇಕು. ಮೂರನೇ ಹಂತದ ಖರ್ಚನ್ನ ನಮ್ಮ ನೀರಿನ ಬಿಲ್ಲಿಗೇ ಸೇರಿಸಲಿ. ನನ್ನ ಬಿಲ್ ಜಾಸ್ತಿ ಆಗುತ್ತೆ, ಆಗಲಿ, ಗಲೀಜು ಮಾಡಿದವನು ನಾನು. ಪ್ರತಿ ಕೆರೆ ಏರಿ ಮೇಲೂ ಒಂದು ಬೋರ್ಡ್ ಇರಲಿ, ಈ ತಿಂಗಳ ನೀರಿನ ಪರೀಕ್ಷೆಯ ಫಲಿತಾಂಶ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ನಮ್ಮೂರ ಕೆರೆ ನೀರಿನ ರಿಪೋರ್ಟ್ ಕೇಳಿಕೊಂಡು ನಾನು ಒಂದು ಆಫೀಸಿಂದ ಇನ್ನೊಂದಕ್ಕೆ ಅಲೆದು ಮೂರು ರಜೆ ಕಳ್ಕೊಂಡಿದೀನಿ, ಕೈಗೆ ಸಿಕ್ಕಿಲ್ಲ.

ಕಳೆದ ಸಲ ಊರಿಗೆ ಹೋದಾಗ ಅತ್ತೆ ಬಿಂದಿಗೆ ಅಲ್ಲ, ಇಪ್ಪತ್ತು ಲೀಟರ್ ಕ್ಯಾನ್ ಹಿಡ್ಕೊಂಡು ಶುದ್ಧ ನೀರಿನ ಘಟಕದ ಹತ್ತಿರ ನಿಂತಿದ್ರು, ಐದು ರೂಪಾಯಿ ಕಾಯಿನ್ ಹಾಕಿದ್ರೆ ನೀರು ಬರೋದು. ಬೆನ್ನ ಹಿಂದೆ ಕೆರೆ ತುಂಬಿದೆ. ಬಾವಿ ನೀರು ತಿಳಿಯಾಗೇ ಇದೆಯಲ್ಲ ಅತ್ತೆ ಅಂದೆ. ದನಕ್ಕೆ ಇಡ್ತೀವಪ್ಪ, ಬಟ್ಟೆಗೆ ಇಡ್ತೀವಿ, ಮಗೀಗೆ ಕುಡಿಸೋಕೆ ಮನಸ್ಸು ಬರಲ್ಲ, ಒಳಗೆ ಏನಿದೆಯೋ ಯಾರು ಹೇಳಿದಾರೆ ಅಂದ್ರು.

ಸಂಜೆ ಮಾವ ಹೊಲದ ಬದುವಿನ ಮೇಲೆ ಕೂರಿಸಿಕೊಂಡು ಲೆಕ್ಕ ಹಾಕ್ತಿದ್ರು. ಎರಡು ಎಕರೆಗೂ ಹಿಪ್ಪುನೇರಳೆ ಹಾಕಿ ಮತ್ತೆ ರೇಷ್ಮೆ ಹುಳ ಸಾಕೋಣ ಅಂತ ಆಸೆ, ತಾತನ ಕಾಲದಲ್ಲಿ ಮನೆಯಲ್ಲಿ ಅದೇ ಕಸುಬು. ಒಂದು ಸಲ ನೆಟ್ಟರೆ ಹತ್ತು ಹದಿನೈದು ವರ್ಷ ತೋಟ ನಿಲ್ಲಬೇಕು, ಮಧ್ಯದಲ್ಲಿ ನೀರು ಕೈಕೊಟ್ರೆ ಹಾಕಿದ ದುಡ್ಡೆಲ್ಲಾ ಮಣ್ಣುಪಾಲು. ನೋಡಪ್ಪ, ನೀನು ಬೆಂಗಳೂರಲ್ಲಿ ಇರೋನು, ನಿಮ್ಮೋರು ಈ ನೀರನ್ನ ಇನ್ನೂ ಎಷ್ಟು ವರ್ಷ ಬಿಡ್ತಾರೆ, ಅದೊಂದು ಹೇಳು ಅಂದ್ರು. ಗೊತ್ತಿಲ್ಲ ಮಾವ ಅಂದೆ. ಅವರು ಅರ್ಧ ಎಕರೆಗೆ ಮಾತ್ರ ಕಡ್ಡಿ ನೆಟ್ಟಿದಾರೆ. ಮಿಕ್ಕ ಒಂದೂವರೆ ಎಕರೆಗೆ ರಾಗಿ ಹಾಕಿದಾರೆ, ಮಳೆಗೆ ಆಗೋದು ಅದು.